ತಟ್ಟೆ ನಲವತ್ತೊಂದರ ಬಣ್ಣ

ಮಾರ್ಚ್ ೬, ಗುರುವಾರ

ಇಂದಿನ ಕಂಪ್ಯೂಟರ್ ತರಗತಿಯಲ್ಲಿ ಮೇಡಂ ಸ್ಟ್ರಕ್ಟ್‌ಗೆ ಮೆಥಡ್ ಬರೆಯುವುದನ್ನು ಹೇಳಿಕೊಟ್ಟರು. ಮರೆಯುವ ಮುಂಚೆ ಬರೆದಿಡುತ್ತೇನೆ. ನನಗೆ ಮರೆವಿನ ಕಾಯಿಲೆಯೇನಿಲ್ಲ, ಆದರೂ.

ಸ್ಟ್ರಕ್ಟ್ ಎಂದರೆ ನಮ್ಮ ಲ್ಯಾಬಿನ ತಟ್ಟೆ. ಇಷ್ಟು ಸಲೀಸಾಗಿ ತಿಳಿದದ್ದು ನನಗೊಬ್ಬನಿಗೇ ಇರಬೇಕು. ಪಕ್ಕದ ಕುರ್ಚಿಯ ನಿವೃತ್ತ ಪೋಸ್ಟ್ ಮಾಸ್ಟರು ಕೊನೆಯವರೆಗೂ ತಲೆ ಕೆರೆದುಕೊಳ್ಳುತ್ತಿದ್ದರು. ಹಲ್ಲಿನ ಡಾಕ್ಟರಮ್ಮ ಕಳಿಸುವ ಒಂದೊಂದು ಬಾಯಿಯ ಅಚ್ಚಿಗೂ ನಮ್ಮಲ್ಲಿ ಒಂದೊಂದು ಪ್ಲಾಸ್ಟಿಕ್ ತಟ್ಟೆ, ತಟ್ಟೆಗೊಂದು ನಂಬರು. ಯಾವ ಹಲ್ಲಿಗೆ ಕ್ಯಾಪ್ ಮಾಡಬೇಕು, ಯಾವ ಬಣ್ಣ, ಕೆಲಸ ಯಾವ ಹಂತಕ್ಕೆ ಬಂದಿದೆ, ಎಲ್ಲ ಆ ತಟ್ಟೆಯಲ್ಲೇ. ಕಂಪ್ಯೂಟರಿನಲ್ಲೂ ಅಷ್ಟೇ. ನಂಬರು, ಹಲ್ಲು, ಬಣ್ಣ, ಹಂತ, ನಾಲ್ಕನ್ನೂ ಒಟ್ಟಿಗೆ ಹಿಡಿದಿಡುವ ತಟ್ಟೆಯೇ ಸ್ಟ್ರಕ್ಟ್. ಮೆಥಡ್ ಎಂದರೆ ಆ ಜಾತಿಯ ತಟ್ಟೆಗೆ ಮಾತ್ರ ಮಾಡಬಹುದಾದ ಕೆಲಸ. ಕೆಲಸದ ಹೆಸರಿಗಿಂತ ಮೊದಲು, ಇದು ಯಾವ ತಟ್ಟೆಯದು ಎಂದು ಕಂಸದಲ್ಲಿ ಬರೆಯಬೇಕು. ಆ ಕಂಸದಲ್ಲಿರುವುದಕ್ಕೆ ರಿಸೀವರ್ ಎನ್ನುತ್ತಾರೆ. ಕಾಲೇಜಿನಲ್ಲಿ ವಾಣಿಜ್ಯ ಕಾನೂನಿನ ಮೇಷ್ಟ್ರು, ರಿಸೀವರ್ ಎಂದರೆ ಕದ್ದ ಮಾಲು ತೆಗೆದುಕೊಳ್ಳುವವನು ಎಂದಿದ್ದ ನೆನಪು. ಮೇಡಂಗೆ ಹೇಳಿದೆ. ಇಲ್ಲಿ ಯಾರೂ ಏನೂ ಕದ್ದಿಲ್ಲ ಸರ್ ಎಂದು ನಕ್ಕರು. ನನ್ನ ಮಗಳ ವಯಸ್ಸಿನವರು, ಮಗಳಿದ್ದಿದ್ದರೆ.

ಇದನ್ನೆಲ್ಲ ಕಲಿಯಲು ಹೊರಟದ್ದು ನನ್ನಾಕೆಯ ರಿಜಿಸ್ಟರಿನಿಂದ. ಇಪ್ಪತ್ತಾರು ವರ್ಷ ಲ್ಯಾಬಿನ ಲೆಕ್ಕವೆಲ್ಲ ಅವಳ ಕೈಬರಹದಲ್ಲೇ ನಡೆಯಿತು. ಡಾಕ್ಟರಮ್ಮನ ಫೋನು ಬಂದರೆ ಅವಳೇ ಎತ್ತುವಳು, ಬರೆದುಕೊಳ್ಳುತ್ತಲೇ ಮೊದಲು ತಟ್ಟೆಯ ನಂಬರು, ಆಮೇಲೆ ಹಲ್ಲಿನ ಬಣ್ಣ ಕೂಗುವಳು: ಹದಿನೆಂಟು, ಎ-ಎರಡು. ಕುಲುಮೆಯ ಹತ್ತಿರದಿಂದ ಅವಳ ತಂಗಿ ಅದನ್ನೇ ತಿರುಗಿ ಒಪ್ಪಿಸುವಳು: ಹದಿನೆಂಟು, ಎ-ಎರಡು. ದಿನವಿಡೀ ಇದೇ ಗದ್ದಲ. ನನ್ನಾಕೆ ಹೋಗಿ ಆರು ತಿಂಗಳಾಯಿತು. ಅವಳ ಕೊನೆಯ ಸಾಲಿನ ಕೆಳಗೆ ಬೇರೆಯವರ ಅಕ್ಷರ ಬೀಳುವುದು ಬೇಡ ಎಂದು ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಈಗ ಎಲ್ಲ ಕಂಪ್ಯೂಟರಿನಲ್ಲಿ. ಲ್ಯಾಬು ಬಹಳ ಶಾಂತವಾಗಿದೆ.

ಊಟದ ಮೇಲೆ ಕುಳಿತು ನನ್ನ ಮೊಟ್ಟಮೊದಲ ಮೆಥಡ್ ಬರೆದೆ. ಹೆಸರು, ಬಣ್ಣ ಬದಲಿಸು.

ಮಾರ್ಚ್ ೧೦, ಸೋಮವಾರ

ಮೆಥಡ್ ಕೆಲಸ ಮಾಡಿತು. ಡಾಕ್ಟರಮ್ಮ ಫೋನು ಮಾಡಿ, ನಲವತ್ತೊಂದನೆಯ ತಟ್ಟೆಗೆ ಎ-ಎರಡು ಬೇಡ, ಎ-ಮೂರು ಎಂದರು. ಟೈಪು ಮಾಡಿ ಒತ್ತಿದೆ. ಪರದೆಯ ಮೇಲೆ ಬಂತು: ತಟ್ಟೆ ೪೧, ಬಣ್ಣ ಎ-೩. ಕಣ್ಣಾರೆ ನೋಡಿದೆ.

ನಾದಿನಿಯನ್ನು ಕರೆದು ತೋರಿಸೋಣ ಎಂದುಕೊಂಡೆ. ಅವಳು ಪಿಂಗಾಣಿ ಪುಡಿ ಕಲಸುತ್ತಿದ್ದಳು, ತಿರುಗಲಿಲ್ಲ. ಸಂಜೆ ನಾನು ಅಚ್ಚುಹಾಕಿ ಕೊಡುವ ಪಟ್ಟಿಯನ್ನು ನೋಡಿಕೊಂಡೇ ಅವಳು ಮರುದಿನದ ಕ್ಯಾಪುಗಳನ್ನು ಮಾಡುವುದರಿಂದ ಬೇರೆ ಹೇಳುವ ಅಗತ್ಯವೂ ಇಲ್ಲ. ಹನ್ನೊಂದು ವರ್ಷದಿಂದ ಇಲ್ಲೇ ಕೆಲಸ. ಅಕ್ಕ ಹೇಳಿಕೊಟ್ಟ ವಿದ್ಯೆ. ಕೈ ಒಳ್ಳೆಯದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಕಂಪ್ಯೂಟರೆಂದರೆ ಅವಳಿಗೆ ಮೊದಲ ದಿನದಿಂದಲೂ ಮುಖ ಗಂಟು. ಬುಕ್ಕೇ ಚೆನ್ನಾಗಿತ್ತು ಭಾವ ಎಂದು ಎರಡು ಸಲ ಅಂದಿದ್ದಾಳೆ. ಎರಡು ಸಲ ಅಂದದ್ದನ್ನು ನೆನಪಿಟ್ಟಿದ್ದೇನೆ.

ಹಳೆಯ ಅಚ್ಚುಗಳ ಕಪಾಟು ಖಾಲಿ ಮಾಡಿದೆ. ಎಸೆಯಲು ಮೂರು ಮೂಟೆ ಆಯಿತು. ಒಂದೊಂದನ್ನೂ ನೋಡುತ್ತ ಕೂರಲಿಲ್ಲ.

ಮಾರ್ಚ್ ೧೨, ಬುಧವಾರ

ನಲವತ್ತೊಂದು ವಾಪಸು ಬಂದಿದೆ. ಕ್ಯಾಪ್ ಎ-ಎರಡರಲ್ಲಿದೆ. ಎ-ಮೂರು ಎಂದು ಬದಲಿಸಿದ್ದೆನಲ್ಲ ಎಂದರೆ, ನಾದಿನಿ ಸೋಮವಾರದ ಪಟ್ಟಿ ತಂದು ಮುಂದಿಟ್ಟಳು. ಅದರಲ್ಲಿ ಎ-ಎರಡು ಎಂದೇ ಇದೆ.

ಹಾಗಾದರೆ ನಾನು ಒತ್ತಿದ್ದಕ್ಕೂ ಪಟ್ಟಿ ಅಚ್ಚಾದದ್ದಕ್ಕೂ ನಡುವೆ ಯಾರೋ ಅದನ್ನು ತಿರುಗಿ ಎ-ಎರಡು ಮಾಡಿದ್ದಾರೆ. ಲ್ಯಾಬಿನಲ್ಲಿ ಇರುವುದು ಇಬ್ಬರು. ಒಬ್ಬ ನಾನು.

ಮಾರ್ಚ್ ೧೩, ಗುರುವಾರ

ತರಗತಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಮೇಡಂ ಹಿಂದಿನ ಪಾಠವನ್ನೇ ಎಲ್ಲರಿಂದ ಮತ್ತೆ ಮಾಡಿಸಿದರು. ಮೆಥಡ್‌ಗಳ ಉಳಿದರ್ಧ ಮುಂದಿನ ವಾರ, ಅದೇ ಮುಖ್ಯವಾದ ಅರ್ಧ, ಯಾರೂ ತಪ್ಪಿಸಬೇಡಿ ಎಂದರು. ನಾನು ಒಂದು ದಿನವೂ ತಪ್ಪಿಸಿದವನಲ್ಲ.

ಮಾರ್ಚ್ ೧೭, ಸೋಮವಾರ

ಮತ್ತೆ. ಈ ಸಲ ನಲವತ್ತೇಳು. ಶುಕ್ರವಾರ ಬಿ-ಒಂದು ಎಂದು ಬದಲಿಸಿದ್ದೆ, ಪರದೆ ಬಿ-ಒಂದು ಎಂದಿತ್ತು, ಪಟ್ಟಿಯಲ್ಲಿ ಹಳೆಯದೇ. ಡಾಕ್ಟರಮ್ಮ ಫೋನಿನಲ್ಲಿ ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ವಾಸಿಯಿತ್ತು. ನಿಮ್ಮ ಮನೆಯವರಿದ್ದಾಗ ಹೀಗಾಗ್ತಿರಲಿಲ್ಲ ಎಂದು ಮೆಲ್ಲಗೆ ಅಂದು ಇಟ್ಟುಬಿಟ್ಟರು.

ಹಂತ ಬರೆಯುವುದೆಲ್ಲ ಸರಿಯಾಗಿದೆ. ಮೇಣ, ಲೋಹ, ಪಿಂಗಾಣಿ, ಹೊಳಪು, ಯಾವುದನ್ನು ತಿದ್ದಿದರೂ ತಿದ್ದಿದ್ದು ತಿದ್ದಿದಂತೆಯೇ ಇರುತ್ತದೆ. ಬಣ್ಣ ಮಾತ್ರ ಹಿಂದೆ ಹೋಗುತ್ತದೆ. ಯಂತ್ರಕ್ಕೆ ಬಣ್ಣದ ಮೇಲೇಕೆ ಹಗೆ? ಇದು ಮನುಷ್ಯರ ಕೆಲಸ. ಯಾವುದನ್ನು ಕೆಡಿಸಿದರೆ ನನ್ನ ಮುಖಕ್ಕೆ ಮಸಿ ಎಂದು ಬಲ್ಲವರ ಕೆಲಸ.

ಇವತ್ತು ಒಂದು ಪರೀಕ್ಷೆ ಮಾಡಿದೆ. ಕೀಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದೆ. ಬಂದು ನೋಡಿದರೆ ಕೀಲಿಗಳ ಮೇಲೆ ಪ್ಲಾಸ್ಟರ್ ಪುಡಿ. ಸರ್ಕಮ್‌ಸ್ಟಾನ್ಷಿಯಲ್ ಎವಿಡೆನ್ಸ್. ಸಬ್‌ಸ್ಟಾನ್ಷಿಯಲ್ಲೋ, ಯಾವುದೋ ಒಂದು. ಕೇಳಿದರೆ, ಐವತ್ತರ ಹಂತ ಬರೆದೆ ಭಾವ, ನೀವೇ ತಾನೆ ಬರಿ ಅಂದಿದ್ದು ಎಂದಳು. ಐವತ್ತರ ಹಂತ ಬರೆದಿದ್ದಳು, ನಿಜ. ಅದರ ಜೊತೆಗೆ ಇನ್ನೇನು ಮಾಡಿದಳೋ. ನಮ್ಮ ಲ್ಯಾಬಿನಲ್ಲಿ ಟೀ ಲೋಟದ ಮೇಲೂ ಪ್ಲಾಸ್ಟರ್ ಪುಡಿ ಇರುತ್ತದೆ, ಅದೂ ನಿಜ.

ಮಾರ್ಚ್ ೧೮, ಮಂಗಳವಾರ

ಎರಡು ಸಂಗತಿ.

ಒಂದು. ನಲವತ್ತೇಳನ್ನು ತಿದ್ದಿ ಕೊಡಲು ಕ್ಲಿನಿಕ್ಕಿಗೆ ಹೋಗಿದ್ದೆ. ಚೀಟಿ ಬರೆಯುವ ಹೆಂಗಸು ತಾನಾಗಿಯೇ ಹೇಳಿದಳು. ಸೇತುವೆಯ ಆಚೆ ಹೊಸ ಲ್ಯಾಬು ತೆರೆದಿದ್ದಾರಂತೆ. ಕೈ ಪಳಗಿದವರನ್ನು ಹುಡುಕುತ್ತಿದ್ದಾರಂತೆ. ನಿಮ್ಮ ನಾದಿನಿಯವರಿಗೂ ಫೋನು ಹೋಗಿತ್ತಂತಲ್ಲ. ಅಂತಲ್ಲ ಎಂದು ಎಳೆದಳು. ಹೌದು ಹೌದು, ಗೊತ್ತು ಎಂದೆ. ಗೊತ್ತಿರಲಿಲ್ಲ.

ಎರಡು. ಸಂಜೆ ಮೂಟೆಗಳಿರುವ ಮೂಲೆಯಲ್ಲಿ ನಾದಿನಿ ಕುಕ್ಕರಗಾಲಲ್ಲಿ ಕೂತಿದ್ದಳು. ಏನನ್ನೋ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ನಾನು ಬಾಗಿಲಲ್ಲಿರುವುದನ್ನು ಕಂಡು ಬೆಚ್ಚಿದಳು. ಏನದು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಮ್ಮ ಅಚ್ಚುಗಳನ್ನು ಅಲ್ಲಿ ತೋರಿಸಿ ಕೆಲಸ ಗಿಟ್ಟಿಸುವ ಹುನ್ನಾರ. ಇಲ್ಲಿ ಬಣ್ಣ ಕೆಡಿಸುವುದು, ಅಲ್ಲಿ ಕುರ್ಚಿ ಹಾಕಿಸಿಕೊಳ್ಳುವುದು. ಎರಡಕ್ಕೂ ಎರಡು ಕೈ.

ಮಾರ್ಚ್ ೨೦, ಗುರುವಾರ

ತರಗತಿಗೆ ಹೋಗಲಿಲ್ಲ. ಅವಳ ಹಿಂದೆ ಹೋದೆ.

ಈ ವಯಸ್ಸಿನಲ್ಲಿ ಒಬ್ಬ ಹೆಂಗಸಿನ ಹಿಂದೆ ಗೋಡೆ ಹಿಡಿದು ನಡೆಯುವುದು ಚೆಂದವಲ್ಲ. ಔಷಧಿ ಅಂಗಡಿಯವನು ಎರಡು ಸಲ ನೋಡಿದ. ಅವಳು ಸೇತುವೆಯ ಕಡೆಗೇ ಹೊರಟಳು, ನಾನೂ ಹೆಜ್ಜೆ ಬೇಗ ಹಾಕಿದೆ. ಸೇತುವೆಯ ಮೊದಲೇ ತಿರುಗಿ, ತರಕಾರಿ ಕೊಂಡು, ತನ್ನ ಮಹಡಿಯ ಕೋಣೆಗೆ ಹೋಗಿ ದೀಪ ಹಾಕಿದಳು. ಅಷ್ಟೇ. ನಾನು ಹಿಂದಿರುವುದು ಗೊತ್ತಾಗಿರಬೇಕು.

ಮಾರ್ಚ್ ೨೪, ಸೋಮವಾರ

ಮೂರನೆಯದು. ಐವತ್ತೆರಡು. ಸಂಗೀತ ಹೇಳಿಕೊಡುವ ಒಬ್ಬ ಹೆಂಗಸಿನ ಮೇಲಿನ ಮುಂದಿನ ಹಲ್ಲು. ಬಾಯಿ ತೆರೆದರೆ ಮೊದಲು ಕಾಣುವ ಹಲ್ಲಿಗೆ ಪಕ್ಕದ ಹಲ್ಲಿಗಿಂತ ಎರಡು ಪಟ್ಟು ಬಿಳಿಯ ಕ್ಯಾಪ್ ಹೋಯಿತು. ಆಕೆ ಕುರ್ಚಿಯಲ್ಲೇ ಅತ್ತರಂತೆ. ಡಾಕ್ಟರಮ್ಮ ತಾವೇ ಲ್ಯಾಬಿಗೆ ಬಂದರು. ಇನ್ನೊಂದು ಸಲ ಹೀಗಾದರೆ ಕೆಲಸವನ್ನು ಸೇತುವೆಯ ಆಚೆಗೆ ಕೊಡುತ್ತೇನೆ, ಬೇಜಾರು ಮಾಡ್ಕೋಬೇಡಿ ಎಂದರು. ಅವರ ಕೆಲಸ ಹೋದರೆ ಲ್ಯಾಬಿಗೆ ಬೀಗ.

ಅವರು ಹೋದ ಮೇಲೆ ನಾದಿನಿಯನ್ನೇ ನೋಡಿದೆ. ನನ್ನನ್ನು ಯಾಕೆ ಹಾಗೆ ನೋಡ್ತೀರ ಭಾವ, ಪಟ್ಟಿಯಲ್ಲಿದ್ದದ್ದನ್ನು ಮಾಡಿದ್ದೀನಿ ಎಂದಳು. ಪಟ್ಟಿಯಲ್ಲಿ ಏನಿರಬೇಕೆಂದು ಬಲ್ಲವರು ಹಾಗೆ ಹೇಳುವುದು ಸುಲಭ.

ಮಾರ್ಚ್ ೨೫, ಮಂಗಳವಾರ

ಪತ್ರ ಬರೆದೆ. ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ, ಇಂಥದಕ್ಕೆ ಇಂಗ್ಲಿಷಿನ ತೂಕವೇ ಬೇರೆ. ಐ ಆಮ್ ಕನ್‌ಸ್ಟ್ರೇನ್ಡ್ ಟು ಎನ್ನುವವರೆಗೆ ಬಂತು, ಮುಂದಿನದು ಕಾಲೇಜಿನಲ್ಲೇ ಉಳಿದಿದೆ. ಕನ್ನಡದಲ್ಲೇ ಬರೆದೆ. ನಾಳೆಯಿಂದ ಕೆಲಸಕ್ಕೆ ಬರಬೇಕಾಗಿಲ್ಲ, ಲ್ಯಾಬಿನ ಕೀಲಿ ಒಪ್ಪಿಸುವುದು, ಕಾರಣ ನಿನಗೇ ಗೊತ್ತು. ಕಾರ್ಬನ್ ಇಟ್ಟು ಬರೆದೆ, ನಕಲು ನನ್ನ ಫೈಲಿಗೆ, ಅಸಲನ್ನು ಅವಳ ಮೇಜಿನ ಮೇಲೆ, ಬಣ್ಣದ ಮಾದರಿ ಹಲ್ಲುಗಳ ಪಟ್ಟಿಯ ಕೆಳಗೆ ಇಟ್ಟು ಬಂದೆ.

ನನ್ನಾಕೆ ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ಯೋಚಿಸಲಿಲ್ಲ.

ಮಾರ್ಚ್ ೨೬, ಬುಧವಾರ

ಓದಿದಳು. ಮಡಿಸಿ ಚೀಲದಲ್ಲಿಟ್ಟುಕೊಂಡಳು. ಅರ್ಧವಾಗಿದ್ದ ಕ್ಯಾಪನ್ನು ಮುಗಿಸಿ, ಕುಂಚಗಳನ್ನು ತೊಳೆದು, ಕೀಲಿ ಇಟ್ಟು ಹೋದಳು.

ಮಾರ್ಚ್ ೨೭, ಗುರುವಾರ

ಇದನ್ನು ಹೇಗೆ ಬರೆಯಲಿ. ಆದ ಕ್ರಮದಲ್ಲೇ ಬರೆಯುತ್ತೇನೆ.

ಬೆಳಿಗ್ಗೆ ಲ್ಯಾಬಿನಲ್ಲಿ ನಾನೊಬ್ಬನೇ. ಒಳಗಿನಿಂದ ಚಿಲಕ ಹಾಕಿಕೊಂಡಿದ್ದೆ. ಹನ್ನೊಂದಕ್ಕೆ ಫೋನು ಬಂತು, ಐವತ್ತೈದಕ್ಕೆ ಎ-ಒಂದರ ಬದಲು ಎ-ಎರಡು. ಒತ್ತಿದೆ. ಪರದೆ ಎ-ಎರಡು ಎಂದಿತು. ಕಂಪ್ಯೂಟರಿನ ಮುಂದಿನಿಂದ ಏಳಲೇ ಇಲ್ಲ, ಊಟವನ್ನೂ ಅಲ್ಲೇ ಮಾಡಿದೆ. ನಾಲ್ಕಕ್ಕೆ ಪಟ್ಟಿ ತೆಗೆದೆ.

ಎ-ಒಂದು.

ಅವಳ ಕೀಲಿ ನನ್ನ ಜೇಬಿನಲ್ಲಿತ್ತು. ಮುಟ್ಟಿ ನೋಡಿಕೊಂಡೆ. ಬೇರೊಂದು ಕೀಲಿ ಮಾಡಿಸಿಕೊಂಡಿದ್ದಾಳೇನೋ ಎಂದೂ ಒಂದು ಗಳಿಗೆ ಯೋಚಿಸಿದೆ, ಸುಳ್ಳು ಬರೆಯಬಾರದು. ಆದರೆ ಚಿಲಕ ಒಳಗಿನದು.

ಪ್ರೋಗ್ರಾಮನ್ನು ಕಾಗದದ ಮೇಲೆ ಅಚ್ಚುಹಾಕಿಕೊಂಡು ತರಗತಿಗೆ ಹೋದೆ. ಎಲ್ಲರೂ ಬರುವ ಮುಂಚೆ ಮೇಡಂಗೆ ತೋರಿಸಿದೆ. ಯಾರೋ ನನ್ನ ಕಂಪ್ಯೂಟರಿಗೆ ಕೈ ಹಾಕುತ್ತಿದ್ದಾರೆ ಎಂದೆ. ಅವರು ಓದಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಹೋದ ವಾರ ನೀವು ಬಂದಿರಲಿಲ್ಲ ಅಲ್ವಾ ಸರ್ ಎಂದರು. ಬಂದಿರಲಿಲ್ಲ.

ಪೆನ್ಸಿಲಿನಿಂದ ನನ್ನ ಮೆಥಡ್ಡಿನ ಕಂಸದೊಳಗೆ, ತಟ್ಟೆ ಎಂಬ ಪದಕ್ಕಿಂತ ಮೊದಲು, ಒಂದು ಸಣ್ಣ ನಕ್ಷತ್ರ ಬರೆದರು. ಅಷ್ಟೇ. ನಕ್ಷತ್ರವಿಲ್ಲದೆ ಕರೆದರೆ ಮೆಥಡ್ಡಿನ ಕೈಗೆ ಹೋಗುವುದು ತಟ್ಟೆಯ ನಕಲು. ಅದು ನಕಲಿನ ಬಣ್ಣ ಬದಲಿಸುತ್ತದೆ, ನಕಲಿನ ಬಣ್ಣವನ್ನೇ ಪರದೆಯ ಮೇಲೆ ತೋರಿಸುತ್ತದೆ, ಕೆಲಸ ಮುಗಿದೊಡನೆ ನಕಲನ್ನು ಎಸೆದುಬಿಡುತ್ತದೆ. ಅಸಲಿನ ಕೂದಲೂ ಕೊಂಕುವುದಿಲ್ಲ. ನಕ್ಷತ್ರವಿದ್ದರೆ ಹೋಗುವುದು ಅಸಲು ಇರುವ ಜಾಗದ ವಿಳಾಸ. ಮೆಥಡ್ಡು ಅಲ್ಲಿಗೇ ಹೋಗಿ ತಿದ್ದಿ ಬರುತ್ತದೆ. ಹಂತವನ್ನು ನಾನು ಮೆಥಡ್ಡಿಲ್ಲದೆ ನೇರವಾಗಿ ಬರೆಯುತ್ತಿದ್ದರಿಂದ ಅದು ಸರಿಯಾಗಿತ್ತು.

ಮೇಡಂ ಇನ್ನೂ ಉದಾಹರಣೆ ಹುಡುಕುತ್ತಿದ್ದರು. ಬೇಡ ಮೇಡಂ ಎಂದೆ. ನನ್ನ ಜೀವಮಾನವಿಡೀ ಮಾಡಿದ್ದೇ ಅದು. ಪ್ಲಾಸ್ಟರ್ ಅಚ್ಚಿನ ಮೇಲೆ ಎಷ್ಟು ಉಜ್ಜಿದರೂ ಡಾಕ್ಟರ ಕುರ್ಚಿಯಲ್ಲಿ ಕೂತವರ ಹಲ್ಲು ಒಂದು ಚೂರೂ ಸವೆಯುವುದಿಲ್ಲ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಯಾರಿಗಾದರೂ ತೊಂದರೆ ಆಯ್ತಾ ಸರ್ ಎಂದು ಕೇಳಿದರು. ಇಲ್ಲ ಎಂದೆ. ಅದು ಸುಳ್ಳು.

ಮಾರ್ಚ್ ೨೮, ಶುಕ್ರವಾರ

ನಕ್ಷತ್ರ ಹಾಕಿದೆ. ಐವತ್ತೈದು ಎ-ಎರಡು ಆಯಿತು, ಪಟ್ಟಿಯಲ್ಲೂ ಎ-ಎರಡು. ಹತ್ತು ಸಲ ಬದಲಿಸಿ ನೋಡಿದೆ. ಹತ್ತು ಸಲವೂ ಸರಿ.

ಫೈಲಿನಿಂದ ಪತ್ರ ತೆಗೆದು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದೆ. ಮನಸ್ಸಿಗೆ ಹಗುರವಾಯಿತು. ಕ್ಯಾಪುಗಳಿಗೆ ಹೊಳಪು ಕೊಡುತ್ತ ಕೂತೆ. ಬಲಗೈಯಲ್ಲಿ ಯಂತ್ರ ತಿರುಗುತ್ತಿದ್ದಾಗ ಹೊಳೆಯಿತು. ನಾನು ಹರಿದದ್ದು ಕಾರ್ಬನ್ ನಕಲು. ಅಸಲು ಅವಳ ಚೀಲದಲ್ಲಿದೆ.

ಸಂಜೆ ಹೋಗೋಣವೆಂದುಕೊಂಡೆ. ಹೋಗಲಿಲ್ಲ.

ಮಾರ್ಚ್ ೨೯, ಶನಿವಾರ

ಹೋದೆ. ಈ ಸಲ ರಸ್ತೆಯ ನಡುವೆಯೇ ನಡೆದೆ. ಔಷಧಿ ಅಂಗಡಿಯವನು ಇವತ್ತು ನೋಡಲಿಲ್ಲ.

ಬಾಗಿಲು ತೆಗೆದವಳು ಒಳಗೆ ಬನ್ನಿ ಎನ್ನಲಿಲ್ಲ, ಬರಬೇಡಿ ಎಂದೂ ಅನ್ನಲಿಲ್ಲ. ಒಳಗೆ ಹೋಗಿ ಕೂತೆ. ಸ್ಟ್ರಕ್ಟು, ಮೆಥಡ್ಡು, ನಕಲು, ಅಸಲು ಎಂದು ಎಲ್ಲವನ್ನೂ ಹೇಳಿದೆ, ಅವಳ ಮೇಜಿನ ಮೇಲಿದ್ದ ಎರಡು ಲೋಟ ಇಟ್ಟು ತೋರಿಸಿದೆ. ಅವಳು ತಾಳ್ಮೆಯಿಂದ ಕೇಳಿದಳು. ಅಕ್ಕನ ಹಾಗೆಯೇ, ಮುಗಿಯುವವರೆಗೂ ತುಟಿ ಬಿಗಿಹಿಡಿದು. ಆಮೇಲೆ ಅಂದಳು:

"ಅಂದ್ರೆ ಎರಡು ವಾರ ನಾನು ಕಳ್ಳಿ ಆಗಿದ್ದು ಒಂದು ನಕ್ಷತ್ರಕ್ಕಾ ಭಾವ?"

ಹೌದು ಎಂದೆ. ತಪ್ಪು ಪೂರ್ತಿ ನನ್ನ ಪ್ರೋಗ್ರಾಮಿನದು ಎಂದೆ.

"ಪ್ರೋಗ್ರಾಮಿನ ಮಾತು ಬಿಡಿ. ಫೋನ್ ಬಂದಾಗ ನಾನು ಆರಡಿ ದೂರದಲ್ಲಿ ಕೂತಿದ್ದೆ. ಒಂದು ಮಾತು ಹೇಳೋಕೆ ಏನಾಗಿತ್ತು? ಅಕ್ಕ ಹೋದ್ಮೇಲೆ ನೀವು ನನಗೆ ಹೇಳಿದ್ದಕ್ಕಿಂತ ಆ ಡಬ್ಬಕ್ಕೆ ಹೇಳಿದ್ದೇ ಜಾಸ್ತಿ."

ಎರಡೂ ಲೋಟಗಳನ್ನು ಇದ್ದ ಜಾಗಕ್ಕೇ ತಿರುಗಿ ಇಟ್ಟೆ.

ಹೊಸ ಲ್ಯಾಬಿನ ವಿಷಯ ನಾನು ಕೇಳಲಿಲ್ಲ, ಅವಳೇ ಹೇಳಿದಳು. ಎರಡು ಸಲ ಫೋನು ಮಾಡಿದ್ದರಂತೆ, ಎರಡು ಸಲವೂ ಆಗುವುದಿಲ್ಲ ಎಂದಿದ್ದಳಂತೆ. ಪತ್ರ ಓದಿದ ದಿನ ತಾನೇ ಫೋನು ಮಾಡಿದಳಂತೆ. ಸೋಮವಾರದಿಂದ ಬನ್ನಿ ಎಂದಿದ್ದಾರೆ.

ಮಾತು ಮುಗಿಯಿತೆಂದು ಏಳುವಾಗ ಕಿಟಕಿಯ ಕಟ್ಟೆಯ ಮೇಲೆ ಅದನ್ನು ಕಂಡೆ. ಬಟ್ಟೆ ಹಾಸಿ ಅದರ ಮೇಲಿಟ್ಟಿದ್ದಳು. ಕೆಳದವಡೆಯ ಪ್ಲಾಸ್ಟರ್ ಅಚ್ಚು, ಹಳೆಯದು, ಹಳದಿಗೆ ತಿರುಗಿದೆ. ಮುಂದಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ ಹಲ್ಲಿಗೆ ಬೆನ್ನು ಮಾಡಿ ನಿಂತಿದೆ. ಆ ಹಲ್ಲನ್ನು ನಾನು ಮೂವತ್ತನಾಲ್ಕು ವರ್ಷ ನಕ್ಕಾಗಲೆಲ್ಲ ನೋಡಿದ್ದೇನೆ. ತಂಗಿಗೆ ಕೆಲಸ ಕಲಿಸಲು ನನ್ನಾಕೆ ತನ್ನ ಬಾಯಿಯದೇ ಅಚ್ಚು ತೆಗೆದಿದ್ದಳು.

"ಮೂಟೆಗೆ ಹಾಕಿದ್ರಿ," ಎಂದಳು ನಾದಿನಿ. "ನೋಡಿರಲ್ಲ ಅಂದ್ಕೊಂಡೆ. ಕೇಳಿ ತಗೊಂಡ್ರೆ ನಿಮಗೆ ನೋವಾಗತ್ತೆ ಅಂತ ಸುಮ್ಮನೆ ತಂದೆ."

ಕೈಗೆ ತೆಗೆದುಕೊಂಡೆ. ಹೆಬ್ಬೆರಳು ತಾನಾಗಿಯೇ ಆ ಹಲ್ಲಿನ ಮೇಲೆ ಹೋಯಿತು. ಬೇಕಾದರೆ ನಿಮಗೂ ಒಂದು ನಕಲು ತೆಗೆದುಕೊಡುತ್ತೇನೆ ಎಂದಳು. ಬೇಡ, ಇಲ್ಲೇ ಇರಲಿ, ನೋಡಬೇಕೆನಿಸಿದಾಗ ಬರುತ್ತೇನೆ ಎಂದೆ.

ಆಮೇಲೆ ಪತ್ರ ಕೇಳಿದೆ. ವಾಪಸು ಕೊಟ್ಟುಬಿಡು, ಹರಿದು ಹಾಕುತ್ತೇನೆ ಎಂದೆ. ಅವಳು ಚೀಲದ ಕಡೆ ಕೈ ಕೂಡ ಚಾಚಲಿಲ್ಲ.

"ಅದು ನನ್ನ ಹತ್ರಾನೇ ಇರ್ಲಿ ಭಾವ. ಇನ್ನೊಂದ್ಸಲ ನಿಮಗೆ ಅನುಮಾನ ಬಂದಾಗ ಹೊಸದು ಬರೆಯೋ ಶ್ರಮ ತಪ್ಪತ್ತೆ."

ಸೋಮವಾರ ಎಲ್ಲಿಗೆ ಹೋಗುತ್ತೀಯ ಎಂದು ಕೇಳಲು ಬಾಯಿ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತು, ಅವಳ ಕೀಲಿಯನ್ನು ಜೇಬಿನಿಂದ ತೆಗೆದು, ಬಾಗಿಲ ಪಕ್ಕದ ಮೊಳೆಗೆ ತಗುಲಿಸಿ ಬಂದೆ.

ಮಾರ್ಚ್ ೩೧, ಸೋಮವಾರ

ನಾನು ಹೋಗುವ ಹೊತ್ತಿಗೆ ಲ್ಯಾಬಿನ ಬಾಗಿಲು ತೆರೆದಿತ್ತು. ಕುಲುಮೆ ಬಿಸಿಯಾಗಿತ್ತು. ಹೊಳಪು ಕೊಡೋದು ನಿಮಗೆ ಯಾವತ್ತೂ ಬರಲಿಲ್ಲ ಎಂದು ನಾದಿನಿ ನನ್ನ ಶುಕ್ರವಾರದ ಕ್ಯಾಪುಗಳನ್ನೆಲ್ಲ ಬದಿಗಿಟ್ಟು ಮತ್ತೆ ಮಾಡುತ್ತಿದ್ದಳು. ಹೌದು, ಬಂದಿಲ್ಲ.

ಮಧ್ಯಾಹ್ನ ಫೋನು ಬಂತು. ಐವತ್ತಾರಕ್ಕೆ ಎ-ಮೂರು ಸಾಲದು, ಎ-ಮೂರೂವರೆ. ಒತ್ತಿದೆ. ಸಂಜೆಯವರೆಗೆ ಕಾಯದೆ ಪಟ್ಟಿಯನ್ನೂ ತೆಗೆದೆ. ಸರಿಯಾಗಿತ್ತು. ಸರಿಯಾಗಿದ್ದರೂ ಇರಲಿ ಎಂದು ಕೂಗಿದೆ: ಐವತ್ತಾರು, ಎ-ಮೂರೂವರೆ.

ಅವಳು ತಿರುಗಲಿಲ್ಲ. ಕುಂಚವನ್ನೂ ಕೆಳಗಿಡಲಿಲ್ಲ. ಕುಲುಮೆಯ ಕಡೆಯಿಂದ, ಐವತ್ತಾರು, ಎ-ಮೂರೂವರೆ ಎಂದಳು.

ಇನ್ನೊಂದು ಸಲ ಹೇಳು ಎಂದೆ.

ಕೇಳಿಸ್ತಲ್ಲ ಭಾವ ಎಂದಳು.

ಕೇಳಿಸಿತ್ತು.